ಶುದ್ಧ ಉತ್ಪಾದನೆಯಲ್ಲಿ ಅನಿಲ ಪೂರೈಕೆ: ಬಿಡಿ ಘಟಕಗಳ ಜೋಡಣೆ ಮತ್ತು ಅದರ ಲೆಕ್ಕಾಚಾರ

ಅರೆವಾಹಕ ಚಿಪ್‌ಗಳ ತಯಾರಿಕೆಯಲ್ಲಿ ಸೈಲೇನ್, ಅಮೋನಿಯ, ಹೈಡ್ರೋಜನ್ ಬ್ರೋಮೈಡ್ ಮುಂತಾದ ಅನಿಲಗಳು ಕಚ್ಚಾ ಸಾಮಗ್ರಿಯಷ್ಟೇ ಮುಖ್ಯವಾದವು. ಇವನ್ನು ಸಿಲಿಂಡರಿನಿಂದ ಯಂತ್ರದ ಒಳಗಿನ ಕೋಣೆಗೆ ಗೊತ್ತಾದ ಒತ್ತಡದಲ್ಲಿ, ಗೊತ್ತಾದ ಪ್ರಮಾಣದಲ್ಲಿ, ತೇವಾಂಶ ಅಥವಾ ಧೂಳಿನ ಕಣ ಸೇರದಂತೆ ತಲುಪಿಸಬೇಕು. ಈ ಕೆಲಸ ಮಾಡುವ ವ್ಯವಸ್ಥೆಯನ್ನು ಬಿಡಿ ಘಟಕಗಳಾಗಿ ರೂಪಿಸುವ ಪದ್ಧತಿಯನ್ನು ತಂತ್ರಜ್ಞರು ಮಾಡ್ಯುಲರ್ ವಿನ್ಯಾಸ ಎನ್ನುತ್ತಾರೆ. ಇದು ಕೇವಲ ತಂತ್ರಜ್ಞರ ವಿಷಯವೆಂದು ನಮ್ಮ ಸದಸ್ಯರು ಬದಿಗಿಡುವಂತಿಲ್ಲ. ಇದರಲ್ಲಿ ಬಂಡವಾಳ, ದಾಸ್ತಾನು ಮತ್ತು ಮಾರುಕಟ್ಟೆಯ ಪ್ರಶ್ನೆಗಳೂ ಅಡಕವಾಗಿವೆ.

ವ್ಯವಸ್ಥೆಯ ಸ್ವರೂಪ

ಯಂತ್ರದಲ್ಲಿ ಪ್ರತಿಯೊಂದು ಅನಿಲಕ್ಕೂ ಒಂದು ಪ್ರತ್ಯೇಕ ಸಾಲು ಇರುತ್ತದೆ. ಕೈಯಿಂದ ತಿರುಗಿಸುವ ವಾಲ್ವ್, ಒತ್ತಡ ನಿಯಂತ್ರಕ, ಒತ್ತಡ ಮಾಪಕ, ಫಿಲ್ಟರ್, ಗಾಳಿಯೊತ್ತಡದಿಂದ ಚಲಿಸುವ ವಾಲ್ವ್ ಹಾಗೂ ಹರಿವಿನ ಪ್ರಮಾಣವನ್ನು ಅಳೆದು ನಿಯಂತ್ರಿಸುವ ಮಾಸ್ ಫ್ಲೋ ಕಂಟ್ರೋಲರ್ ಇವು ಆ ಸಾಲಿನ ಮುಖ್ಯ ಅಂಗಗಳು. ಹಳೆಯ ಪದ್ಧತಿಯಲ್ಲಿ ಇವನ್ನು 316 ಎಲ್ ದರ್ಜೆಯ ತುಕ್ಕು ಹಿಡಿಯದ ಉಕ್ಕಿನ ಕೊಳವೆಗಳಿಂದ ಒಂದರ ಹಿಂದೊಂದು ಜೋಡಿಸಿ, ಕೆಲವೆಡೆ ಬೆಸುಗೆ ಹಾಕಿ, ಕೆಲವೆಡೆ ಲೋಹದ ಗ್ಯಾಸ್ಕೆಟ್ ಇರುವ ಫಿಟ್ಟಿಂಗ್‌ಗಳಿಂದ ಬಿಗಿಯುತ್ತಿದ್ದರು. ನಡುವಿನ ಒಂದು ಅಂಗ ಕೆಟ್ಟರೆ ಅದರ ಎರಡೂ ಬದಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಬೇಕಾಗಿತ್ತು. ಅಂಗವು ಬೆಸುಗೆಯಿಂದ ಕೂಡಿದ್ದರೆ ಕೊಳವೆಯನ್ನೇ ಕತ್ತರಿಸಬೇಕಾಗಿತ್ತು.

ಮಾಡ್ಯುಲರ್ ಪದ್ಧತಿಯಲ್ಲಿ ಅನಿಲದ ಹಾದಿಯನ್ನು ತಳಭಾಗದ ಲೋಹದ ಬಿಲ್ಲೆಗಳೊಳಗೆ ಕೊರೆದಿರುತ್ತಾರೆ. ಪ್ರತಿಯೊಂದು ಅಂಗವೂ ಆ ಬಿಲ್ಲೆಯ ಮೇಲೆ ಚೌಕಾಕಾರದ ಪಾದದ ಮೂಲಕ ಕುಳಿತುಕೊಳ್ಳುತ್ತದೆ. ಸಾಮಾನ್ಯವಾಗಿ ನಾಲ್ಕು ಬೋಲ್ಟ್‌ಗಳನ್ನು ಮೇಲಿನಿಂದಲೇ ಬಿಚ್ಚಿದರೆ ಅಂಗವು ಹೊರಬರುತ್ತದೆ; ನೆರೆಯ ಅಂಗಗಳನ್ನು ಮುಟ್ಟಬೇಕಾಗಿಲ್ಲ. ಪಾದದ ಅಳತೆಗಳು ಉದ್ಯಮದಲ್ಲಿ ಬಹುಮಟ್ಟಿಗೆ ನಿಗದಿಯಾಗಿದ್ದು, 1.125 ಅಂಗುಲ (ಸುಮಾರು 28.6 ಮಿ.ಮೀ.) ಮತ್ತು 1.5 ಅಂಗುಲ (38.1 ಮಿ.ಮೀ.) ಅಳತೆಗಳು ಬಳಕೆಯಲ್ಲಿವೆ. ರಾಸಾಯನಿಕ ಹಾಗೂ ತೈಲ ಶುದ್ಧೀಕರಣ ಕಾರ್ಖಾನೆಗಳ ಮಾದರಿ ಪರೀಕ್ಷಾ ವ್ಯವಸ್ಥೆಗಳಿಗೂ ಇದೇ ವಿಚಾರ ಹರಡಿತು. ಅಮೆರಿಕದಲ್ಲಿ ಅವುಗಳಿಗಾಗಿಯೇ 2002ರಲ್ಲಿ ಎ.ಎನ್.ಎಸ್.ಐ./ಐ.ಎಸ್.ಎ. 76.00.02 ಎಂಬ ಮಾನಕ ಹೊರಬಂದಿತು.

ಇಲ್ಲಿ ಖರೀದಿದಾರರಿಗೆ ಒಂದು ಎಚ್ಚರಿಕೆ ಅಗತ್ಯ. ಪಾದದ ಅಳತೆ ಒಂದೇ ಆದ ಮಾತ್ರಕ್ಕೆ ಒಂದು ತಯಾರಕರ ಅಂಗ ಇನ್ನೊಬ್ಬರ ಬಿಲ್ಲೆಗೆ ಹೊಂದುತ್ತದೆಂದು ಭಾವಿಸಬಾರದು. ಲೋಹದ ಸೀಲ್‌ಗಳಲ್ಲಿಯೇ ‘ಸಿ’ ಮತ್ತು ‘ಡಬ್ಲ್ಯೂ’ ಎಂಬ ಭಿನ್ನ ಬಗೆಗಳಿವೆ. ಮೇಲೆ ಹೇಳಿದ ಮಾನಕದ ಮೊದಲ ಭಾಗವು ರಬ್ಬರಿನಂತಹ ಸೀಲ್‌ಗಳಿಗೆ ಸಂಬಂಧಿಸಿದ್ದು. ಆದ್ದರಿಂದ ಖರೀದಿ ಆದೇಶದಲ್ಲಿ ಅಳತೆಯೊಡನೆ ಸೀಲ್‌ನ ಬಗೆಯನ್ನೂ ಕಡ್ಡಾಯವಾಗಿ ನಮೂದಿಸಬೇಕು.

ಕೊರತೆಗಳೂ ಇವೆ

ಬಿಡಿ ಘಟಕಗಳೆಂದರೆ ಕೂಡುಗಳ ಸಂಖ್ಯೆ ಹೆಚ್ಚು. ಪ್ರತಿಯೊಂದು ಕೂಡೂ ಸೋರಿಕೆಗೆ ಅವಕಾಶವಿರುವ ಜಾಗ. ಸೈಲೇನ್ ಗಾಳಿ ಸೋಕಿದೊಡನೆ ತಾನೇ ಹೊತ್ತಿಕೊಳ್ಳಬಲ್ಲದು. ಹೈಡ್ರೋಜನ್ ಕ್ಲೋರೈಡ್‌ನಂತಹ ಅನಿಲದ ಸಾಲನ್ನು ಸರಿಯಾಗಿ ಶುದ್ಧಗೊಳಿಸದೆ ತೆರೆದರೆ ಗಾಳಿಯ ತೇವಾಂಶದೊಡನೆ ಆಮ್ಲವಾಗಿ ಉಕ್ಕನ್ನೇ ತಿನ್ನುತ್ತದೆ. ಆದ್ದರಿಂದ ಅಂಗವನ್ನು ಬದಲಾಯಿಸುವ ಮೊದಲು ಒಣ ನೈಟ್ರೋಜನ್ ಹಾಯಿಸುವುದು, ಬದಲಾಯಿಸಿದ ನಂತರ ಹೀಲಿಯಂನಿಂದ ಸೋರಿಕೆ ಪರೀಕ್ಷೆ ನಡೆಸುವುದು ಅನಿವಾರ್ಯ. ಬೋಲ್ಟ್ ಬಿಚ್ಚುವ ಹತ್ತು ನಿಮಿಷವನ್ನು ಮಾತ್ರ ತೋರಿಸಿ, ಈ ಸಮಯವನ್ನು ಬಿಟ್ಟು ಲೆಕ್ಕ ಕೊಡುವ ಮಾರಾಟಗಾರರ ಮಾತನ್ನು ಪೂರ್ಣವಾಗಿ ನಂಬಲಾಗದು.

ಲಾಭದ ಲೆಕ್ಕ ಹಾಕುವ ಬಗೆ

ಕೇವಲ ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ಹಳೆಯ ಪದ್ಧತಿಯ ಒಂದು ಸಾಲಿಗೆ 4 ಲಕ್ಷ ರೂ., ಮಾಡ್ಯುಲರ್ ಸಾಲಿಗೆ 5 ಲಕ್ಷ ರೂ. ಎಂದು ಭಾವಿಸಿದರೆ, ಹತ್ತು ಸಾಲುಗಳಿಗೆ ಹೆಚ್ಚುವರಿ ಹೂಡಿಕೆ 10 ಲಕ್ಷ ರೂ. ಆಗುತ್ತದೆ. ವರ್ಷಕ್ಕೆ ಆರು ಬಾರಿ ಅಂಗಗಳನ್ನು ಬದಲಾಯಿಸಬೇಕಾಗಿ ಬಂದು, ಶುದ್ಧೀಕರಣ ಮತ್ತು ಪರೀಕ್ಷೆಯೂ ಸೇರಿ ಪ್ರತಿ ಬಾರಿ ಯಂತ್ರ 10 ಗಂಟೆಗಳ ಬದಲು 4 ಗಂಟೆ ಮಾತ್ರ ನಿಲ್ಲುವುದಾದರೆ, ವರ್ಷಕ್ಕೆ 36 ಗಂಟೆ ಉಳಿಯುತ್ತದೆ.

ಒಂದು ಗಂಟೆಯ ಉತ್ಪಾದನೆಯಿಂದ ಬರುವ ಕಾಂಟ್ರಿಬ್ಯೂಷನ್ 15,000 ರೂ. ಆಗಿದ್ದರೆ ವರ್ಷದ ಉಳಿತಾಯ 5,40,000 ರೂ.; ಹೆಚ್ಚುವರಿ ಹೂಡಿಕೆ ಎರಡು ವರ್ಷಗಳೊಳಗೆ ಹಿಂದಿರುಗುತ್ತದೆ. ಅದೇ ಕಾಂಟ್ರಿಬ್ಯೂಷನ್ 2,000 ರೂ. ಮಾತ್ರವಾಗಿದ್ದರೆ ಉಳಿತಾಯ 72,000 ರೂ. ಆಗಿ, ಹೂಡಿಕೆ ಹಿಂದಿರುಗಲು ಸುಮಾರು 14 ವರ್ಷ ಬೇಕು. ಸಲಕರಣೆ ಅದೇ, ಉಳಿದ ಗಂಟೆಗಳೂ ಅವೇ; ತೀರ್ಮಾನ ಮಾತ್ರ ತಲೆಕೆಳಗು.

ಈ ಲೆಕ್ಕದಲ್ಲಿ ಎರಡು ಅಂಶಗಳನ್ನು ಮರೆಯಬಾರದು. ಮೊದಲನೆಯದು, ಗಂಟೆಯ ಬೆಲೆಯೆಂದರೆ ಮಾರಾಟದ ಮೊತ್ತವಲ್ಲ. ಅದರಿಂದ ಕಚ್ಚಾ ಸಾಮಗ್ರಿ ಮುಂತಾದ ಬದಲಾಗುವ ವೆಚ್ಚಗಳನ್ನು ಕಳೆದು ಉಳಿಯುವ ಹಣ. ಎರಡನೆಯದು, ಆ ಯಂತ್ರ ಬಿಡುವಿಲ್ಲದೆ ದುಡಿಯುತ್ತಿದ್ದರೆ ಮಾತ್ರ ಉಳಿದ ಗಂಟೆಗಳು ಹಣವಾಗುತ್ತವೆ. ಆದೇಶಗಳಿಲ್ಲದೆ ವಾರದಲ್ಲಿ ಎರಡು ದಿನ ಸುಮ್ಮನೆ ನಿಲ್ಲುವ ಯಂತ್ರದಲ್ಲಿ ಉಳಿಸಿದ ಗಂಟೆಗೆ ಬೆಲೆ ಇಲ್ಲ.

ಲೆಕ್ಕಪತ್ರಗಳಲ್ಲಿ

ಕಂಪನಿಗಳ ಕಾಯಿದೆ, 2013ರ ಎರಡನೆಯ ಅನುಸೂಚಿಯ ಪ್ರಕಾರ, ಆಸ್ತಿಯೊಂದರ ಮುಖ್ಯ ಭಾಗದ ವೆಚ್ಚವು ಗಣನೀಯವಾಗಿದ್ದು ಅದರ ಉಪಯುಕ್ತ ಆಯುಷ್ಯವು ಉಳಿದ ಭಾಗಕ್ಕಿಂತ ಭಿನ್ನವಾಗಿದ್ದರೆ, ಆ ಭಾಗದ ಸವಕಳಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಇದು 2015ರ ಏಪ್ರಿಲ್ 1ರಂದು ಅಥವಾ ನಂತರ ಆರಂಭವಾಗುವ ವರ್ಷಗಳಿಗೆ ಕಡ್ಡಾಯವಾಯಿತು. ಬಿಡಿ ಘಟಕಗಳಿಂದಾದ ವ್ಯವಸ್ಥೆಯಲ್ಲಿ ಪ್ರತಿ ಅಂಗದ ಬೆಲೆ ಬಿಲ್ಲಿನಲ್ಲಿಯೇ ಬಿಡಿಯಾಗಿ ದೊರೆಯುವುದರಿಂದ ಈ ಕೆಲಸ ಸುಲಭ. ಪೂರೈಕೆದಾರರಿಂದ ಒಟ್ಟು ಮೊತ್ತದ ಬಿಲ್ಲನ್ನು ಪಡೆಯದೆ ಅಂಗವಾರು ಬಿಲ್ಲನ್ನು ಕೇಳಿ ಪಡೆಯುವುದು ಒಳಿತು. ಹಳೆಯ ಅಂಗವನ್ನು ತೆಗೆದಾಗ ಅದರ ಉಳಿದ ಮೌಲ್ಯವನ್ನು ಪುಸ್ತಕದಿಂದ ಕಡ್ಡಾಯವಾಗಿ ತೆಗೆದುಹಾಕಬೇಕು. ಕಾಯ್ದಿರಿಸಿದ ಬಿಡಿಭಾಗಗಳು ಲೆಕ್ಕಪತ್ರ ಮಾನಕ 10ರ (ಪರಿಷ್ಕೃತ) ಅರ್ಥದಲ್ಲಿ ಸ್ಥಿರಾಸ್ತಿಯಾಗುತ್ತವೆಯೋ ಅಥವಾ ದಾಸ್ತಾನಾಗಿ ಉಳಿಯುತ್ತವೆಯೋ ಎಂಬುದನ್ನು ವರ್ಷಾಂತ್ಯಕ್ಕೆ ಮುನ್ನ ನಿರ್ಧರಿಸಿಕೊಳ್ಳಬೇಕು.

ದಾಸ್ತಾನಿನಲ್ಲಿಯೂ ಉಳಿತಾಯವಿದೆ. ಹಿಂದೆ ಪ್ರತಿ ಅನಿಲಕ್ಕೆ, ಪ್ರತಿ ಹರಿವಿನ ಮಿತಿಗೆ ಬೇರೆ ಬೇರೆ ಫ್ಲೋ ಕಂಟ್ರೋಲರ್ ಕಾಯ್ದಿರಿಸಬೇಕಾಗಿತ್ತು. ಅನೇಕ ಅನಿಲಗಳಿಗೆ ಹೊಂದಿಸಬಹುದಾದ ಕಂಟ್ರೋಲರ್‌ಗಳು ಬಂದ ಮೇಲೆ ಕಪಾಟಿನಲ್ಲಿ ಸಿಲುಕುವ ಬಂಡವಾಳವನ್ನು ತಗ್ಗಿಸಬಹುದಾಗಿದೆ.

ಸಣ್ಣ ಉದ್ಯಮಿಗಳಿಗೆ ಅವಕಾಶ

2024ರಲ್ಲಿ ಅಮೆರಿಕದ ಲ್ಯಾಮ್ ರಿಸರ್ಚ್ ಸಂಸ್ಥೆಯು ಭಾರತದಲ್ಲಿ ಪೂರೈಕೆದಾರರನ್ನು ಅರಸುತ್ತಿರುವುದಾಗಿ ತಿಳಿಸಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 10,000 ಕೋಟಿ ರೂ.ಗೂ ಮಿಕ್ಕಿದ ಹೂಡಿಕೆಯನ್ನು ಪ್ರಕಟಿಸಿತು. ಪೀಣ್ಯದಂತಹ ಪ್ರದೇಶದ ಯಂತ್ರಶಾಲೆಯೊಂದು ಇಡೀ ಅನಿಲ ಪೂರೈಕೆ ವ್ಯವಸ್ಥೆಯನ್ನು ತಯಾರಿಸುವುದು ದೂರದ ಮಾತು. ಆದರೆ ಅಳತೆ ನಿಗದಿಯಾದ ಒಂದು ಬಿಲ್ಲೆಯನ್ನು ಅಥವಾ ಒಂದು ಆಧಾರ ಫಲಕವನ್ನು ತಯಾರಿಸುವುದು ಪ್ರಯತ್ನಿಸಬಹುದಾದ ಕೆಲಸ. ಬಿಡಿ ಘಟಕಗಳ ವಿನ್ಯಾಸ ಸಣ್ಣವರಿಗೆ ಬಾಗಿಲು ತೆರೆಯುವುದು ಇಲ್ಲಿಯೇ.

ಆದರೆ ಈ ಕೆಲಸದ ನಿಜವಾದ ವೆಚ್ಚ ಲೇತಿನಲ್ಲಿಲ್ಲ. ಒಳಮೈಯ ಎಲೆಕ್ಟ್ರೋ ಪಾಲಿಶ್, ಶುದ್ಧ ಕೊಠಡಿಯಲ್ಲಿ ತೊಳೆಯುವಿಕೆ ಮತ್ತು ಪ್ಯಾಕಿಂಗ್, ಹೀಲಿಯಂ ಪರೀಕ್ಷೆ, ಪ್ರತಿ ತುಂಡಿನ ಉಕ್ಕಿನ ಮೂಲವನ್ನು ತೋರಿಸುವ ದಾಖಲೆ ಇವುಗಳಲ್ಲಿದೆ. ಗ್ರಾಹಕರ ಅನುಮೋದನೆ ದೊರೆಯುವವರೆಗೆ ಆದಾಯವಿಲ್ಲದೆ ಈ ವೆಚ್ಚಗಳು ನಡೆಯುತ್ತಲೇ ಇರುತ್ತವೆ. ಆದಕಾರಣ ಯಂತ್ರಕ್ಕೆ ಸಾಲ ಪಡೆಯುವ ಮುನ್ನ ಅನುಮೋದನೆಯ ಅವಧಿಗೆ ಬೇಕಾಗುವ ದುಡಿಯುವ ಬಂಡವಾಳದ ಅಂದಾಜನ್ನು ಯೋಜನಾ ವರದಿಯಲ್ಲಿ ಪ್ರತ್ಯೇಕವಾಗಿ ತೋರಿಸಿ, ಬ್ಯಾಂಕಿನೊಡನೆ ಮೊದಲೇ ಚರ್ಚಿಸುವುದು ಸೂಕ್ತ.