ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಬೆಳ್ಳಿಯ ನ್ಯಾನೊಕಣಗಳು ಹೇಗೆ ಕೊಲ್ಲುತ್ತವೆ?

ನ್ಯಾನೊಕಣಗಳ ಗಾತ್ರ ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ನ್ಯಾನೊಮೀಟರ್. ಕಣ ಸಣ್ಣದಾದಷ್ಟೂ ಅಷ್ಟೇ ತೂಕದ ಬೆಳ್ಳಿಗೆ ಹೊರಮೈ ಹೆಚ್ಚು ಸಿಗುತ್ತದೆ. ಅದರ ಶಕ್ತಿಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಆ್ಯಂಟಿಬಯೋಟಿಕ್‌ಗಳು ಸಾಮಾನ್ಯವಾಗಿ ಒಂದು ನಿರ್ದಿಷ್ಟ ಗುರಿಯನ್ನು ಹಿಡಿಯುತ್ತವೆ. ಪೆನಿಸಿಲಿನ್ ಕೋಶಭಿತ್ತಿ ಕಟ್ಟುವ ಕಿಣ್ವಗಳನ್ನು ತಡೆಯುತ್ತದೆ. ಬ್ಯಾಕ್ಟೀರಿಯಾ ಆ ಕಿಣ್ವದ ರೂಪ ಬದಲಿಸಿಕೊಂಡರೆ, ಇಲ್ಲವೇ ಔಷಧವನ್ನೇ ಒಡೆಯುವ ಬೀಟಾ-ಲ್ಯಾಕ್ಟಮೇಸ್ ತಯಾರಿಸಿದರೆ, ಮದ್ದು ವ್ಯರ್ಥ. ಬೆಳ್ಳಿ ಹಾಗಲ್ಲ, ಏಕಕಾಲಕ್ಕೆ ಹಲವು ಕಡೆ ಹೊಡೆಯುತ್ತದೆ. ಕಣಗಳಿಂದ ಹೊರಬರುವ ಬೆಳ್ಳಿಯ ಅಯಾನುಗಳು ಪ್ರೋಟೀನುಗಳಲ್ಲಿನ ಗಂಧಕಕ್ಕೆ ಅಂಟಿಕೊಂಡು ಕಿಣ್ವಗಳನ್ನು ಕೆಡಿಸುತ್ತವೆ, ಕೋಶಪೊರೆ ಸೋರುವಂತೆ ಮಾಡುತ್ತವೆ, ಉಸಿರಾಟದ ಕ್ರಿಯೆಯನ್ನು ಕದಡುತ್ತವೆ.

ಹಾಗೆಂದು ಬೆಳ್ಳಿಗೆ ಪ್ರತಿರೋಧವೇ ಹುಟ್ಟದೆಂದು ನಂಬುವುದು ಅಪಾಯಕಾರಿ. 1970ರ ದಶಕದಲ್ಲೇ ಬಾಸ್ಟನ್ ನಗರದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡಿತ್ತು. 2018ರಲ್ಲಿ ಪ್ರಕಟವಾದ ಚೆಕ್ ವಿಜ್ಞಾನಿಗಳ ಅಧ್ಯಯನ ಇನ್ನೂ ಕುತೂಹಲಕರ. ಬೆಳ್ಳಿಯ ಕಣಗಳಿಗೆ ಪದೇ ಪದೇ ಒಡ್ಡಿದ ಇ. ಕೋಲಿ ತನ್ನ ಜೀನುಗಳನ್ನು ಬದಲಿಸಿಕೊಳ್ಳದೆ, ಚಲನೆಯ ಬಾಲದ ಪ್ರೋಟೀನಾದ ಫ್ಲಜೆಲಿನ್ ಅನ್ನು ಹೆಚ್ಚು ಉತ್ಪಾದಿಸಿತು. ಅಂಟಿನಂತೆ ವರ್ತಿಸಿದ ಈ ಪ್ರೋಟೀನಿಗೆ ಸಿಕ್ಕ ಕಣಗಳು ಮುದ್ದೆಗಟ್ಟಿ ಶಕ್ತಿ ಕಳೆದುಕೊಂಡವು. ದಾಳಿಂಬೆ ಸಿಪ್ಪೆಯ ಸಾರ ಫ್ಲಜೆಲಿನ್ ಉತ್ಪಾದನೆಯನ್ನು ತಡೆದಾಗ ಆ ಪ್ರತಿರೋಧ ಬಹಳಷ್ಟು ಕುಗ್ಗಿತು.

ಸದ್ಯಕ್ಕೆ ನ್ಯಾನೊಬೆಳ್ಳಿಯ ಬಳಕೆ ಮುಖ್ಯವಾಗಿ ಗಾಯದ ಪಟ್ಟಿಗಳಲ್ಲಿ, ವೈದ್ಯಕೀಯ ಸಾಧನಗಳ ಲೇಪನದಲ್ಲಿ. ಹೆಚ್ಚಿನ ಪ್ರಮಾಣದಲ್ಲಿ ಅದು ಮನುಷ್ಯನ ಜೀವಕೋಶಗಳಿಗೂ ವಿಷವಾಗುವುದರಿಂದ, ರಕ್ತದಲ್ಲಿ ಹರಡಿದ ಸೋಂಕಿಗೆ ಆ್ಯಂಟಿಬಯೋಟಿಕ್ ಬದಲು ಅದನ್ನು ಕೊಡುವಂತಿಲ್ಲ.