ದವಡೆ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಕ್ರೌನ್: ಹತ್ತು ವರ್ಷದ ಲೆಕ್ಕ

ಇಂಪ್ಲಾಂಟ್ ಹಾಕಿಸಿಕೊಳ್ಳಲು ಬರುವವರು ಬೆಲೆ ಕೇಳಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಇದು ಎಷ್ಟು ವರ್ಷ ಬರ್ತದೆ ಡಾಕ್ಟ್ರೇ?" "ಜೀವಮಾನ ಪೂರ್ತಿ" ಎಂದು ಹೇಳಿಬಿಡುವುದು ನಮ್ಮಲ್ಲಿ ಅನೇಕರ ರೂಢಿ. ಆ ಉತ್ತರ ಎಷ್ಟರ ಮಟ್ಟಿಗೆ ಸರಿ ಎಂಬುದೇ ಈ ಹೊತ್ತಿನ ನನ್ನ ವಿಷಯ. ಆರನೇ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲ ದವಡೆ ಹಲ್ಲು ಹುಳುಕಿಗೆ ಬೇಗ ಸಿಕ್ಕಿ, ಬೇಗ ಕಳೆದುಹೋಗುತ್ತದೆ. ಆದ್ದರಿಂದ ಹಿಂದಿನ ಹಲ್ಲುಗಳನ್ನೇ ಮುಖ್ಯವಾಗಿ ಇಟ್ಟುಕೊಂಡು ಮಾತಾಡುತ್ತೇನೆ.

ಮೊದಲು ಒಂದು ವ್ಯತ್ಯಾಸ. ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ಕೂರುವ ಟೈಟಾನಿಯಂ ಬೇರು. ಕ್ರೌನ್ ಎಂದರೆ ಅದರ ಮೇಲೆ ಕಾಣುವ ಹಲ್ಲು, ಜನ ಹೇಳುವ ಕ್ಯಾಪ್. ಇವೆರಡನ್ನೂ ಸ್ಕ್ರೂ ಇಲ್ಲವೇ ಸಿಮೆಂಟ್ ಹಿಡಿದಿಡುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿ ಯೋಸ್ಟಾ ಲಾರ್ಸನ್‌ಗೆ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಿದ್ದವು. "ಜೀವಮಾನ ಪೂರ್ತಿ" ಎಂಬ ಮಾತಿಗೆ ಬಲ ಬಂದಿದ್ದು ಇಂಥ ಉದಾಹರಣೆಗಳಿಂದ. ಆದರೆ ಅದು ಬೇರಿನ ಕಥೆ. ಅಗಿಯುವ ಜಾಗದ ಒಂಟಿ ಕ್ರೌನಿನ ಕಥೆ ಬೇರೆ.

ಲೆಕ್ಕಕ್ಕೆ ಬರೋಣ. ಯುಂಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಮಗ್ರ ವಿಮರ್ಶೆ ಒಂಟಿ ಹಲ್ಲಿನ ಇಂಪ್ಲಾಂಟ್ ಕ್ರೌನ್‌ಗಳನ್ನು ಕುರಿತದ್ದು. ಅದರಲ್ಲಿ ಮುಂದಿನ, ಹಿಂದಿನ ಎರಡೂ ಹಲ್ಲುಗಳು ಸೇರಿವೆ, ಇದು ನೆನಪಿರಲಿ. ಇಂಪ್ಲಾಂಟ್ ಉಳಿದದ್ದು 5 ವರ್ಷಕ್ಕೆ ಶೇ. 97.2, 10 ವರ್ಷಕ್ಕೆ ಶೇ. 95.2. ಕ್ರೌನ್ ಉಳಿದದ್ದು 5 ವರ್ಷಕ್ಕೆ ಶೇ. 96.3, 10 ವರ್ಷಕ್ಕೆ ಶೇ. 89.4. ನೋಡಿ, ಮೊದಲ ಐದು ವರ್ಷ ಎರಡೂ ಜೊತೆಜೊತೆಗೇ ಹೋಗುತ್ತವೆ. ಆಮೇಲೆ ಕ್ರೌನ್ ಹಿಂದೆ ಬೀಳುತ್ತದೆ. ಬೇರು ಗಟ್ಟಿಯಾಗಿದ್ದರೂ ಮೇಲಿನ ಹಲ್ಲನ್ನು ಬದಲಿಸಬೇಕಾದೀತು ಎಂದು ರೋಗಿಗೆ ಮೊದಲೇ ತಿಳಿಸಬೇಕಾದದ್ದು ಇದಕ್ಕೇ.

"ಉಳಿದಿದೆ" ಎಂದರೆ "ಚೆನ್ನಾಗಿದೆ" ಎಂದಲ್ಲ ಎಂಬುದು ಎರಡನೇ ಮಾತು. ಅದೇ ವಿಮರ್ಶೆಯಲ್ಲಿ ಐದು ವರ್ಷದೊಳಗೆ ಸ್ಕ್ರೂ ಸಡಿಲವಾದದ್ದು ಶೇ. 8.8, ಸಿಮೆಂಟ್ ಬಿಟ್ಟದ್ದು ಶೇ. 4.1, ಮೇಲಿನ ಪಿಂಗಾಣಿ ಮುರಿದದ್ದು ಶೇ. 3.5. ಇವುಗಳಲ್ಲಿ ಹೆಚ್ಚಿನವು ರಿಪೇರಿ ಆಗುವಂಥವು, ಆದರೆ ರೋಗಿ ಮತ್ತೆ ಕ್ಲಿನಿಕ್‌ಗೆ ಬಂದರೆ ಮಾತ್ರ.

ಹಿಂದಿನ ಹಲ್ಲಿಗೆ ಈ ತೊಂದರೆ ಯಾಕೆ? ಅಗಿಯುವ ಭಾರ ಅಲ್ಲಿಯೇ ಹೆಚ್ಚು. ಜೊತೆಗೆ, ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ಒಂದು ತೆಳುವಾದ ನಾರಿನ ಪದರ ಇರುತ್ತದೆ. ಒತ್ತಿದಾಗ ಹಲ್ಲು ಸುಮಾರು 25ರಿಂದ 100 ಮೈಕ್ರಾನ್‌ನಷ್ಟು ಕೆಳಗೆ ಹೋಗುತ್ತದೆ. ಇಂಪ್ಲಾಂಟ್ ಹೋಗುವುದು 3ರಿಂದ 5 ಮೈಕ್ರಾನ್ ಅಷ್ಟೇ. ಆ ನಾರಿನಲ್ಲಿರುವ ಸ್ಪರ್ಶಜ್ಞಾನವೂ ಇಂಪ್ಲಾಂಟಿಗಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಸ್ವಂತ ಹಲ್ಲು ತಟ್ಟನೆ ಹೇಳುತ್ತದೆ. ಇಂಪ್ಲಾಂಟ್ ತಡವಾಗಿ, ಮಂದವಾಗಿ ಹೇಳುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಅಪಾಯ ಇನ್ನೂ ಜಾಸ್ತಿ.

ಇನ್ನೊಂದು ಸಂಗತಿಯನ್ನು ನಾವು ಸಾಕಷ್ಟು ಗಮನಿಸುವುದಿಲ್ಲ. ಸ್ವಂತ ಹಲ್ಲುಗಳು ವಯಸ್ಸಾದಂತೆ ನಿಧಾನವಾಗಿ ಮುಂದಕ್ಕೆ ಸರಿಯುತ್ತವೆ, ಇಂಪ್ಲಾಂಟ್ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಕ್ರೌನಿಗೂ ಅದರ ಮುಂದಿನ ಹಲ್ಲಿಗೂ ನಡುವೆ ಸಂದು ಬೀಳುತ್ತದೆ. "ಊಟ ಸಿಕ್ಕಿಕೊಳ್ತದೆ" ಎಂದು ರೋಗಿ ಹೇಳಿದರೆ ಕಡ್ಡಿ ಕೊಟ್ಟು ಕಳಿಸಬಾರದು. ಸಂದು ಪರೀಕ್ಷಿಸಬೇಕು; ಪಕ್ಕದ ಹಲ್ಲಿನಲ್ಲಿ ಹುಳುಕು ಆಗಿದೆಯೇ ನೋಡಬೇಕು. ಸ್ಕ್ರೂನಿಂದ ಕೂರಿಸಿದ ಕ್ರೌನ್ ಆದರೆ ಬಿಚ್ಚಿ ಸರಿಮಾಡಿ ಮತ್ತೆ ಹಾಕುವುದು ಸುಲಭ.

ವಸಡಿನ ಕಡೆಗೆ ಬಂದರೆ, ಡರ್ಕ್ಸ್ ಮತ್ತು ತೊಮಾಸಿ 2015ರಲ್ಲಿ ಹಲವು ಅಧ್ಯಯನ ಸೇರಿಸಿ ಕೊಟ್ಟ ಅಂದಾಜು ಗಂಭೀರವಾದದ್ದು. ಇಂಪ್ಲಾಂಟ್ ಸುತ್ತ ವಸಡಿನ ಉರಿಯೂತ ಶೇ. 43 ಜನರಲ್ಲಿ, ಮೂಳೆಯೂ ಕರಗುವ ಪೆರಿ-ಇಂಪ್ಲಾಂಟೈಟಿಸ್ ಶೇ. 22 ಜನರಲ್ಲಿ. ಮೊದಲನೆಯದನ್ನು ಸ್ವಚ್ಛತೆಯಿಂದ ಹಿಂದಿರುಗಿಸಬಹುದು, ಎರಡನೆಯದು ಕಷ್ಟ. ಹಳೆಯ ವಸಡು ರೋಗ, ಧೂಮಪಾನ, ಹಿಡಿತವಿಲ್ಲದ ಸಕ್ಕರೆ ಕಾಯಿಲೆ, ವಸಡಿನೊಳಗೆ ಉಳಿದ ಸಿಮೆಂಟ್, ಇವು ಗಮನಿಸಬೇಕಾದ ಕಾರಣಗಳು. ವಿಲ್ಸನ್ 2009ರಲ್ಲಿ ತೋರಿಸಿದಂತೆ, ಸಿಮೆಂಟ್ ಹಾಕಿ ಕೂರಿಸಿ ರೋಗ ಬಂದ ಇಂಪ್ಲಾಂಟ್‌ಗಳಲ್ಲಿ ಶೇ. 81ರಲ್ಲಿ ಹೆಚ್ಚುವರಿ ಸಿಮೆಂಟ್ ಸಿಕ್ಕಿತ್ತು. ಅದನ್ನು ತೆಗೆದ ಮೇಲೆ ಹೆಚ್ಚಿನವು ಗುಣವಾದವು.

ಈಗ ನಮ್ಮ ಕಾಸರಗೋಡಿನ ಮಾತು. ಇದು ಅಡಿಕೆಯ ನಾಡು. ಎಲೆ ಅಡಿಕೆ ಹಾಕುವ ಹಿರಿಯರು ಮನೆಮನೆಯಲ್ಲಿ ಇದ್ದಾರೆ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ನಾರಾಗಿ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗಬಹುದು. ಹಿಂದಿನ ಹಲ್ಲಿನ ಇಂಪ್ಲಾಂಟಿಗೆ ಡ್ರಿಲ್ ಹಿಡಿಯಲೂ ಜಾಗ ಬೇಕು, ಎಂಟು ವರ್ಷದ ಮೇಲೆ ಸ್ಕ್ರೂ ಬಿಗಿಸಲೂ ಬೇಕು, ದಿನಾ ಬ್ರಷ್ ಹೋಗಲೂ ಬೇಕು. ಆದ್ದರಿಂದ ಎಕ್ಸ್-ರೇಗೆ ಮೊದಲು ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯಿರಿ, ಅಡಿಕೆಯ ಬಗ್ಗೆ ಕೇಳಿ.

ಎರಡನೆಯದು ದಾಖಲೆ. ಇಲ್ಲಿಯವರು ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿ ಇಂಪ್ಲಾಂಟ್ ಹಾಕಿಸುವುದುಂಟು. ಆಮೇಲೆ ಸ್ಕ್ರೂ ಸಡಿಲವಾದಾಗ ಹತ್ತಿರದ ಕ್ಲಿನಿಕ್‌ಗೆ ಬರುತ್ತಾರೆ. ಕಂಪೆನಿ ಯಾವುದು, ಅಳತೆ ಎಷ್ಟು ಎಂದು ಗೊತ್ತಿಲ್ಲದಿದ್ದರೆ ಸರಿಯಾದ ಡ್ರೈವರ್ ಸಿಗುವುದಿಲ್ಲ. ಐದು ನಿಮಿಷದ ಕೆಲಸಕ್ಕೆ ಕ್ರೌನನ್ನೇ ಕತ್ತರಿಸಬೇಕಾದ ಪರಿಸ್ಥಿತಿ ಬರುತ್ತದೆ. ಕಂಪೆನಿ, ಮಾದರಿ, ವ್ಯಾಸ, ಉದ್ದ, ಸ್ಕ್ರೂವೋ ಸಿಮೆಂಟೋ, ಹಾಕಿದ ದಿನಾಂಕ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕೊಟ್ಟರೆ ಸಾಕು. ಅದರ ಹಿಂಬದಿಯಲ್ಲಿ ಶುಚಿ ಮಾಡುವ ಕ್ರಮ, ಮರಳಿ ಬರಬೇಕಾದ ಲಕ್ಷಣಗಳು ರೋಗಿ ಓದುವ ಭಾಷೆಯಲ್ಲಿ ಇರಲಿ. ಗಡಿಯ ಈಚೆ ಮಲಯಾಳ ಓದಲು ಬಾರದ, ಇಂಗ್ಲಿಷ್ ತಿಳಿಯದ ಅಜ್ಜಿಯರಿಗೆ ಅದು ಕನ್ನಡವೇ ಆಗಬೇಕು. ಇದು ಭಾಷಾಭಿಮಾನದ ಮಾತು ಮಾತ್ರವಲ್ಲ, ಚಿಕಿತ್ಸೆಯ ಭಾಗ.

ಹಾಗಾದರೆ ರೋಗಿಗೆ ಏನು ಹೇಳೋಣ? ನನ್ನ ಸೂಚನೆ ಇಷ್ಟು: "ಬೇರು ಬಹಳ ವರ್ಷ ಬರುವ ಸಾಧ್ಯತೆ ಹೆಚ್ಚು. ಮೇಲಿನ ಹಲ್ಲಿಗೆ ನಡುವೆ ರಿಪೇರಿ ಬಂದೀತು, ಒಮ್ಮೆ ಬದಲಿಸಬೇಕಾದೀತು. ನೋವಿಲ್ಲದಿದ್ದರೂ ಹೇಳಿದ ದಿನ ತಪ್ಪದೆ ಬನ್ನಿ." ಹೀಗೆ ಹೇಳಿದರೆ ಯಾರಾದರೂ ಇಂಪ್ಲಾಂಟ್ ಬೇಡ, ಬ್ರಿಡ್ಜ್ ಸಾಕು ಎಂದಾರು. ಹೇಳಲಿ, ತಿಳಿದು ಆರಿಸಿಕೊಳ್ಳುವುದು ಅವರ ಹಕ್ಕು.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಬಹುದು.