ಒಗರಿಗೆ ಸಿಕ್ಕ ವೈರಸ್

ದ್ರಾಕ್ಷಿ ಸಿಪ್ಪೆ ಜಗಿದಾಗ ನಾಲಿಗೆ ಹಿಡಿಯುವ ಒಗರಿಗೆ ಕಾರಣ ಟ್ಯಾನಿನ್. ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವ ಅದು ವೈರಸ್‌ನ ಪ್ರೋಟೀನ್ ಕವಚವನ್ನೂ ಬಿಡುವುದಿಲ್ಲ. 1976ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಜ್ಯಾಕ್ ಕೊನೊವಾಲ್ಚುಕ್ ಮತ್ತು ಜೋನ್ ಸ್ಪಿಯರ್ಸ್ ದ್ರಾಕ್ಷಿರಸ, ವೈನ್, ಸ್ಟ್ರಾಬೆರಿ ಸಾರಗಳನ್ನು ಪೋಲಿಯೊ ವೈರಸ್ ಜೊತೆ ಬೆರೆಸಿ ನೋಡಿದರು. ವೈರಸ್ ಸೋಂಕು ಹಚ್ಚುವ ಶಕ್ತಿ ಕಳೆದುಕೊಂಡಿತು. ಸಿಪ್ಪೆ ಸಮೇತ ಹುದುಗುವ ಕೆಂಪು ವೈನು ಬಿಳಿಯದಕ್ಕಿಂತ ಜೋರಾಗಿತ್ತು. ಆದರೆ ಜೆಲಟಿನ್ ಸೇರಿಸಿದರೆ ಟ್ಯಾನಿನ್ ಹಿಡಿತ ಸಡಿಲಿ ವೈರಸ್ ಮರಳುತ್ತಿತ್ತು. ಅಂದರೆ ಒಗರು ಅದನ್ನು ಕಟ್ಟಿಹಾಕಿತ್ತು, ಕೊಂದಿರಲಿಲ್ಲ.

ಆದರೆ ಊಟದ ತಟ್ಟೆಯ ನಿಜವಾದ ಕಳ್ಳ ಪೋಲಿಯೊ ಅಲ್ಲ, ಬೇರೆಯೇ ಇದ್ದ. 1968ರಲ್ಲಿ ಅಮೆರಿಕದ ಓಹಾಯೊದ ನಾರ್ವಾಕ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ವಾಂತಿ ತಂದ ವೈರಸ್ಸನ್ನು 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಅದೇ ನೊರೊವೈರಸ್. ಮೈಮೇಲೆ ಕೊಬ್ಬಿನ ಹೊದಿಕೆ ಇಲ್ಲದ್ದರಿಂದ ಸ್ಯಾನಿಟೈಸರಿಗೆ ಸುಲಭಕ್ಕೆ ಬಗ್ಗದು. ಹತ್ತಾರು ಕಣಗಳು ಹೊಟ್ಟೆಗೆ ಹೋದರೆ ಸಾಕು. ಪ್ರಯೋಗಾಲಯದಲ್ಲಂತೂ ಸರಿಯಾಗಿ ಬೆಳೆಯುತ್ತಿರಲಿಲ್ಲ. 2016ರಲ್ಲಿ ಮೇರಿ ಎಸ್ಟೆಸ್ ಅವರ ತಂಡ ಮಾನವ ಕರುಳಿನ ಕೋಶಗಳಿಂದ ಕಟ್ಟಿದ ಪುಟ್ಟ ಅಂಗಾಂಶಗಳಲ್ಲಿ ಅದನ್ನು ಬೆಳೆಸುವವರೆಗೂ ಸಂಶೋಧಕರು ಅದರ ನೆಂಟರನ್ನೇ ನಂಬಬೇಕಾಯಿತು: ಬೆಕ್ಕಿನ ಕ್ಯಾಲಿಸಿವೈರಸ್, ಆಮೇಲೆ ಇಲಿಯ ನೊರೊವೈರಸ್. ಟೆನೆಸಿಯಲ್ಲಿ ಡೋರಿಸ್ ಡಿಸೋಜಾ ತಂಡ ಕ್ರ್ಯಾನ್‌ಬೆರಿ, ದಾಳಿಂಬೆ ರಸವನ್ನು ಪರೀಕ್ಷಿಸಿದ್ದು ಇಂಥವುಗಳ ಮೇಲೆಯೇ. ಬೆಕ್ಕಿನದು ಬೇಗ ಸೋಲುವ ವೈರಸ್. ಅದರ ಮೇಲಿನ ಗೆಲುವನ್ನು ನಾನಂತೂ ಅರ್ಧ ಬೆಲೆಗೇ ಕೊಳ್ಳುವೆ.

ಅರಿಜೋನಾದಲ್ಲಿ 2014ರಲ್ಲಿ ಒರೆಗಾನೊ ಸೊಪ್ಪಿನ ಕಾರ್ವಕ್ರಾಲ್ ಹಾಕಿದಾಗ ಇಲಿಯ ವೈರಸ್‌ನ ಕವಚವೇ ಊದಿ ಒಡೆಯಿತು. ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲೂ ಕಾರ್ವಕ್ರಾಲ್ ಇದೆ. ಓಮದ ಥೈಮಾಲ್ ಅದೇ ಪರಮಾಣುಗಳನ್ನು ಬೇರೆ ರೀತಿ ಜೋಡಿಸಿದ್ದು. ಹಾಗಂತ ತಂಬುಳಿ ಕುಡಿದರೆ ವಾಂತಿಭೇದಿ ನಿಂತೀತು ಅನ್ನುವಂತಿಲ್ಲ; ಪ್ರಯೋಗದ ಎಣ್ಣೆಯೇ ಬೇರೆ, ಕರುಳೇ ಬೇರೆ.

ಒಟ್ಟಾವಾದಲ್ಲಿ ಪೋಲಿಯೊವನ್ನು ಮಣಿಸಿದ ಅದೇ ಸ್ಟ್ರಾಬೆರಿ 2012ರಲ್ಲಿ ನೊರೊವೈರಸ್ ಹೊತ್ತು ಜರ್ಮನಿಯಲ್ಲಿ ಸುಮಾರು 11,000 ಜನರನ್ನು ಮಲಗಿಸಿತು, ಹೆಚ್ಚಿನವರು ಶಾಲಾಮಕ್ಕಳು. ಚೀನಾದಿಂದ ಬಂದ ಹೆಪ್ಪುಗಟ್ಟಿಸಿದ ಹಣ್ಣು ಅದು. ಹಣ್ಣಿನ ಒಗರು ಒಳಗೆ, ಕೊಳಕು ನೀರೋ ಕೈಯೋ ತಂದ ವೈರಸ್ ಹೊರಗೆ; ಮಂಜು ಅದನ್ನು ಕಾಪಾಡಿತು ಅಷ್ಟೆ. ಹಾಗಾಗಿ ಸ್ಪೇನಿನ ವೆಲೆನ್ಸಿಯಾದಲ್ಲಿ ಗ್ಲೋರಿಯಾ ಸಾಂಚೆಸ್ ತಂಡ ಒಗರನ್ನು ಹೊರಗೇ ಬಳಿಯಲು ಹೊರಟಿತು: ಗ್ರೀನ್ ಟೀ ಸಾರ ಬೆರೆಸಿದ, ತಿನ್ನಬಹುದಾದ ಆಲ್ಜಿನೇಟ್ ಲೇಪ. ಕಾರ್ವಕ್ರಾಲನ್ನೇ ಬಳಿಯಬಹುದಿತ್ತಲ್ಲ ಅಂದರೆ, ವೈರಸ್ ಸಾಯುವಷ್ಟು ಹಚ್ಚಿದ ಸ್ಟ್ರಾಬೆರಿ ಓಮದಂತೆ ಘಾಟು ಹೊಡೆದೀತು, ಯಾವ ಮಗುವೂ ಮುಟ್ಟದು.